ಉಚಿತ ಫಿಟ್ಟಿಂಗ್ ಭಾಗ್ಯ

2025ರ ಸೆಪ್ಟೆಂಬರ್ 22ರಂದು ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದೇ ತಡ, ನಮ್ಮ ಹಾಸನ ಜಿಲ್ಲೆಯ ಗೋಡೆಗಳಿಗೆ ಗ್ರಹಚಾರ ವಕ್ಕರಿಸಿತು. ಸಕಲೇಶಪುರದ ಕಡೆ ಕಾಫಿಗೂ ರೇಟು ಬಂದಿತ್ತಲ್ಲ. ಹಾಲ್‌ನಲ್ಲಿದ್ದ 55 ಇಂಚು ಅಜ್ಜಿಯ ರೂಮಿಗೆ ಹೋಯಿತು, ಅದರ ಜಾಗಕ್ಕೆ 98 ಇಂಚೇ ಆಗಬೇಕು. ಏಳಡಿ ಅಗಲ, ನಾಲ್ಕಡಿ ಎತ್ತರ, ಐವತ್ತು ಕೆಜಿಗೂ ಮೇಲೆ ತೂಕ, ಮುಟ್ಟಿದರೆ ಹಪ್ಪಳ. ಅಂಗಡಿಯವನ ಬೋರ್ಡ್ ಬೇರೆ: ‘ಇನ್‌ಸ್ಟಲೇಶನ್ ಫ್ರೀ’.

ಸಾಹುಕಾರರು ಮಹಾ ಉದಾರಿಗಳು. ಎರಡು ಲಕ್ಷದ ಮೇಲೆ ಸುರಿದು ಟಿವಿ ತಂದರು. ‘ಫ್ರೀ’ ಅನ್ನೋದು ಬೋರ್ಡಿಗಷ್ಟೇ. ಫಿಟ್ಟಿಂಗ್ ಹುಡುಗ ಆರು ಸಾವಿರ ಅಂದಾಗಲೇ ಅವರಿಗೆ ದುಡ್ಡಿನ ಬೆಲೆ ನೆನಪಾದದ್ದು.

“ಏನೋ, ನಾಲ್ಕು ಬೋಲ್ಟ್ ಹೊಡ್ಯೋಕೆ ಆರು ಸಾವ್ರನಾ?”

“ಸಾವ್ಕಾರ್ರೇ, ಇದು ಮಣ್ಣಿನ ಗೋಡೆ.”

“ನಮ್ಮಜ್ಜ ಕಟ್ಟಿಸಿದ್ದು ಕಣೋ. ಆನೆ ಗುದ್ದಿದ್ರೂ ಅಲ್ಲಾಡಲ್ಲ!”

ಆನೆ ಗುದ್ದಿದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು. ಬೋಲ್ಟ್ ಕಿತ್ತುಬಂದರೆ ಯಾವ ಇಲಾಖೆಗೆ ಹಾಕೋಣ? ಹುಡುಗ ಒಂದು ಮೂಲೆಯಲ್ಲಿ ಡ್ರಿಲ್ ಇಟ್ಟು ತೋರಿಸಿದ. ಸುಣ್ಣದ ಹಕ್ಕಳೆ ಎದ್ದು ಕೆಂಪು ಪುಡಿ ಬುಳುಬುಳು ಸುರಿಯಿತು. ಆಂಕರ್ ಬೋಲ್ಟ್ ತೂರಿಸಿ ಸ್ಪ್ಯಾನರ್ ಹಾಕಿದರೆ ಗಿರಗಿರ ತಿರುಗುತ್ತದೆ, ಕಚ್ಚುವುದೇ ಇಲ್ಲ. ನೆಲದಿಂದಲೇ ಕಬ್ಬಿಣದ ಫ್ರೇಮ್ ಎಬ್ಬಿಸಬೇಕು, ಎತ್ತಲು ನಾಲ್ಕು ಆಳು ಬೇಕು, ಬಾಕ್ಸನ್ನು ಎಲ್ಲೂ ಮಲಗಿಸದೆ ನಿಲ್ಲಿಸಿಕೊಂಡೇ ಒಳಗೆ ತರಬೇಕು. ಆರು ಸಾವಿರ ಕಮ್ಮಿಯೇ ಆಯಿತು.

ಇದೇ ಸಾಹುಕಾರರು ಹಾಸನಾಂಬೆ ದರ್ಶನಕ್ಕೆ ಮನೆಮಂದಿಗೆಲ್ಲ ಸಾವಿರ ರೂಪಾಯಿ ಟಿಕೆಟ್ ತೆಗೆಸಿದವರು. ಅಲ್ಲಿ ಚೌಕಾಸಿ ಇಲ್ಲ. ಸಾವಿರದ ಕ್ಯೂನಲ್ಲೂ ಕಾಲು ನೋಯುವಷ್ಟು ನಿಂತು, ಪೊಲೀಸರ ಹತ್ತಿರ ತಳ್ಳಿಸಿಕೊಂಡು, ಕೈಮುಗಿಯುವಷ್ಟರಲ್ಲಿ ಆಚೆ ಬಂದು, “ದರ್ಶನ ಚೆನ್ನಾಗಾಯ್ತು” ಅಂದರು. ವರ್ಷಕ್ಕೊಂದೇ ಸಲ ಬಾಗಿಲು ತೆಗೆಯೋದು, ರೇಟು ಇರಲೇಬೇಕಲ್ವಾ ಅಂತ ವಾದ ಬೇರೆ. ಒಪ್ಪಿದೆ. ಟಿವಿಯ ಪರದೆ, ಅದೇ ಪ್ಯಾನೆಲ್, ಒಡೆಯುವುದೂ ಒಂದೇ ಸಲ.

ಒಡೆದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬಿದ್ದು ಒಡೆದದ್ದಕ್ಕೆ ವಾರಂಟಿ ಇಲ್ಲ ಅಂತ ಕಂಪನಿ ಕಾಗದದಲ್ಲೇ ಅಚ್ಚು ಹಾಕಿದೆ. ಡೆಲಿವರಿ ಚೀಟಿಗೆ ಸೈನ್ ಬಿದ್ದಮೇಲೆ ಅಂಗಡಿಯವನು ಫೋನೇ ಎತ್ತುವುದಿಲ್ಲ. ಪ್ಯಾನೆಲ್ ಬದಲಾಯಿಸಲು ಹೆಚ್ಚುಕಡಿಮೆ ಹೊಸ ಟಿವಿಯ ದುಡ್ಡೇ ಬೇಕು. ಉಳಿದವನು ಸ್ಪ್ಯಾನರ್ ಹಿಡಿದು ನಿಂತ ಹುಡುಗ. “ನೀನೇ ತಾನೇ ಹಿಡ್ಕೊಂಡಿದ್ದು?” ಅವನ ಬೈಕಿನ ಕಂತೇ ಇನ್ನೂ ತೀರಿಲ್ಲ. ಎಲ್ಲರೂ ಕೈ ತೊಳೆದುಕೊಂಡ ಎರಡು ಲಕ್ಷದ ಅಪಾಯವನ್ನು ಅವನ ತಲೆಗೆ ಕಟ್ಟಿ, ಐನೂರು ರೂಪಾಯಿ ಕೊಟ್ಟು, “ಹುಷಾರಾಗಿ ಮಾಡಪ್ಪ” ಅಂತೀರಲ್ಲ, ನಾಚಿಕೆ ಆಗೋದಿಲ್ಲವೇನ್ರೀ?

ಹುಡುಗ ಡ್ರಿಲ್ ಚೀಲಕ್ಕೆ ಹಾಕಿಕೊಂಡು ಹೊರಟ. ಸಾಹುಕಾರರಿಗೆ ಚಿಂತೆಯಿಲ್ಲ. ಆಲೂರಿನ ಕಡೆಯವನೊಬ್ಬ ಎಂಟುನೂರಕ್ಕೆ ಒಪ್ಪಿದ್ದಾನಂತೆ, ಒಬ್ಬನೇ ಬರ್ತಾನಂತೆ, ಮೊಳೆ ಸುತ್ತಿಗೆ ಅವನೇ ತರ್ತಾನಂತೆ.