ಕಾಲಿಡಬಾರದ ದ್ವೀಪ

"ಇಷ್ಟು ದೂರ ಬಂದು ಇಳಿಯೋದಕ್ಕೂ ಬಿಡಲ್ವಾ?" ಅಂತ ಬೋಟಿನಲ್ಲಿ ಗೊಣಗಿದವನು ನಾನೇ. ನ್ಯೂಜಿಲೆಂಡಿನ ಟುಟುಕಾಕಾ ಬಂದರಿನಿಂದ ಪೂರ್ ನೈಟ್ಸ್ ದ್ವೀಪಗಳಿಗೆ 20 ಕಿಲೋಮೀಟರಿಗಿಂತ ಜಾಸ್ತಿ. ಅಲೆಗೆ ಹೊಟ್ಟೆ ತೊಳಸಿ ಬೆಳಗಿನ ತಿಂಡಿಯೆಲ್ಲ ಕಡಲಿನ ಪಾಲಾಗಿತ್ತು. ಹತ್ತು ನಿಮಿಷ ಗಟ್ಟಿ ನೆಲದ ಮೇಲೆ ಕೂತರೆ ಸಾಕಿತ್ತು. ಆಗಲ್ಲ ಅಂದರು. ವಿಶೇಷ ಅನುಮತಿ ಇಲ್ಲದೆ ಯಾರೂ ಅಲ್ಲಿ ಕಾಲಿಡುವಂತಿಲ್ಲ.

ಈಗ ಆ ನಿಯಮದ ಪರವಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ ನೋಡಿ.

ಈ ದ್ವೀಪಗಳು ಹಳೆಯ ಜ್ವಾಲಾಮುಖಿಯೊಂದರ ಉಳಿಕೆ. ಲಕ್ಷಾಂತರ ವರ್ಷ ಅಲೆ ಬಡಿದು ಬಡಿದು ಬಂಡೆಯಲ್ಲಿ ಗುಹೆ, ಕಮಾನು, ಸುರಂಗ ಎಲ್ಲ ಕೊರೆದಿದೆ. ರಿಕೊರಿಕೊ ಎಂಬ ಗುಹೆ ಎಷ್ಟು ದೊಡ್ಡದೆಂದರೆ ನಮ್ಮ ಬೋಟು ಒಳಗೆ ಹೋಗಿ ಆರಾಮವಾಗಿ ತಿರುಗಿಕೊಂಡು ಬಂತು. ನೀರಿನ ಮೇಲೆ ಎಷ್ಟು ಕಡಿದಾದ ಗೋಡೆಯೋ ಕೆಳಗೂ ಅಷ್ಟೇ. ಉತ್ತರದಿಂದ ಬರುವ ಬೆಚ್ಚನೆಯ ಪ್ರವಾಹ ಈ ಗೋಡೆಗಳನ್ನು ಸವರಿಕೊಂಡು ಹೋಗುತ್ತದೆ. ಹಾಗಾಗಿ ತಣ್ಣೀರಿನಲ್ಲಿ ಬೆಳೆಯುವ ಕೆಲ್ಪ್ ಎಂಬ ಉದ್ದನೆಯ ಕಡಲಕಳೆಯ ಕಾಡಿನ ಪಕ್ಕದಲ್ಲೇ ಬಿಸಿ ಸೀಮೆಯ ಮೀನುಗಳೂ ಸಿಗುತ್ತವೆ.

ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು ಬ್ಲೂ ಮಾವೊಮಾವೊ ಎಂಬ ಕಮಾನಿನೊಳಗೆ ಹೋದಾಗ ಮೊದಲು ಏನೂ ಕಾಣಲಿಲ್ಲ. ಎದುರಿಗೆ ನೀಲಿ ಪರದೆ ಬಿಟ್ಟ ಹಾಗಿತ್ತು. ಹತ್ತಿರ ಹೋದರೆ ಪರದೆ ಪೂರ್ತಿ ಮೀನು! ನನಗೆ ದಾರಿ ಬಿಟ್ಟವು, ಹಿಂದೆಯೇ ಮತ್ತೆ ಸೇರಿಕೊಂಡವು. ಯಾವುದಕ್ಕೂ ಗಾಬರಿ ಇಲ್ಲ. ಆಮೇಲೆ ಒಂದು ದಪ್ಪ ಸ್ನ್ಯಾಪರ್ ಮೀನು ಮಾಸ್ಕಿನ ಎದುರಿಗೇ ಬಂದು ನಿಂತಿತು, ಯಾರಯ್ಯಾ ನೀನು ಅಂತ ಕೇಳುವ ಹಾಗೆ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ನೋಡುವುದೇ ಮರೆತು ಗೈಡ್ ಹತ್ತಿರ ಬೈಸಿಕೊಂಡೆ. ಬೈಸಿಕೊಳ್ಳಬೇಕಾದದ್ದೇ.

ಆ ಸ್ನ್ಯಾಪರ್‌ಗೆ ಅಷ್ಟು ಧೈರ್ಯ ಸುಮ್ನೆ ಬಂದದ್ದಲ್ಲ.

1981ರಲ್ಲಿ ದ್ವೀಪಗಳ ಸುತ್ತಲಿನ ಕಡಲು ಸಾಗರ ಮೀಸಲು ಪ್ರದೇಶವಾಯಿತು. ನ್ಯೂಜಿಲೆಂಡಿನಲ್ಲಿ ಇದು ಎರಡನೆಯದು. ಮೊದಲನೆಯದು 1975ರಲ್ಲಿ ಲೀ ಎಂಬಲ್ಲಿ ಆಗಿತ್ತು. ಆದರೆ ಇಲ್ಲಿ ಬಹುಪಾಲು ಜಾಗದಲ್ಲಿ ಹವ್ಯಾಸಕ್ಕೆ ಗಾಳ ಹಾಕುವುದಕ್ಕೆ ಅವಕಾಶ ಉಳಿಸಿದರು. ಪೂರ್ತಿ ನಿಷೇಧವಿದ್ದದ್ದು ಎರಡು ಸಣ್ಣ ತುಂಡುಗಳಲ್ಲಿ ಮಾತ್ರ. ವಾರದ ಕೊನೆಗೆ ಬಂದು ಎರಡು ಮೀನು ಹಿಡಿದರೆ ಏನು ಮಹಾ ಅಂತ ನಮಗೂ ಅನ್ನಿಸುತ್ತದೆ, ಅಲ್ವಾ? 17 ವರ್ಷ ಹಾಗೇ ನಡೆಯಿತು. 1998ರಲ್ಲಿ ಎಲ್ಲ ಬಗೆಯ ಮೀನುಗಾರಿಕೆಯನ್ನೂ ನಿಲ್ಲಿಸಿದರು. ಅದಾಗಿ ಕೆಲವೇ ವರ್ಷಗಳಲ್ಲಿ ದೊಡ್ಡ ಸ್ನ್ಯಾಪರ್‌ಗಳ ಸಂಖ್ಯೆ ಹಲವು ಪಟ್ಟು ಏರಿತು. ಅದೇ ಹೊತ್ತಿಗೆ ಗಾಳ ಹಾಕುತ್ತಲೇ ಇದ್ದ ಅಕ್ಕಪಕ್ಕದ ಕಡಲಿನಲ್ಲಿ ಹಾಗೆ ಆಗಲಿಲ್ಲ. "ಸ್ವಲ್ಪ ಹಿಡಿದರೆ ಏನಾಗುತ್ತೆ" ಅನ್ನುವವರ ಜೊತೆ ವಾದ ಮಾಡುವಾಗ ನನಗೆ ಇದೊಂದು ಕಥೆ ಸಾಕು.

ನೆಲದ ಮೇಲಿನ ನಿಯಮ ಇದಕ್ಕಿಂತ ಹಳೆಯದು. ಇಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನ ಬದುಕುತ್ತಿದ್ದರು. 1820ರ ದಶಕದ ಆರಂಭದಲ್ಲಿ ಯೋಧರು ಬೇರೆ ಕಡೆ ಯುದ್ಧಕ್ಕೆ ಹೋಗಿದ್ದಾಗ ಶತ್ರುಗಳು ದಾಳಿ ಮಾಡಿ ಉಳಿದವರಲ್ಲಿ ಹಲವರನ್ನು ಕೊಂದರು. ಅಲ್ಲಿಂದ ಇದು 'ತಪು', ಅಂದರೆ ಯಾರೂ ಮುಟ್ಟಬಾರದ ಜಾಗ. ಮನುಷ್ಯರು ಹೋದರು, ಅವರು ಸಾಕಿದ್ದ ಹಂದಿಗಳು ಮಾತ್ರ ಉಳಿದವು. ಬುಲರ್ಸ್ ಶಿಯರ್‌ವಾಟರ್ ಎಂಬ ಕಡಲ ಹಕ್ಕಿ ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಇಡೀ ಲೋಕದಲ್ಲಿ ಅದು ಮರಿ ಮಾಡುವುದು ಈ ದ್ವೀಪಗಳಲ್ಲಿ ಮಾತ್ರ. ಹಂದಿಗಳು ಬಿಲ ಅಗೆದು ಅಗೆದು ತಿಂದವು. 1936ರಲ್ಲಿ ಹಂದಿಗಳನ್ನು ಇಲ್ಲವಾಗಿಸಿದ ಮೇಲೆ ಹಕ್ಕಿಗಳು ಚೇತರಿಸಿಕೊಂಡವು. ಈಗ ಅವುಗಳ ಬಿಲದಲ್ಲಿ ಟುವಟಾರಾ ಎಂಬ ಸರೀಸೃಪ ಕೂಡ ಬಾಡಿಗೆ ಕೊಡದೆ ವಾಸ ಮಾಡುತ್ತದೆ. ನೋಡಲು ಹಲ್ಲಿಯ ಹಾಗಿದೆ, ಆದರೆ ಹಲ್ಲಿಯಲ್ಲ. ಅದರ ಹತ್ತಿರದ ನೆಂಟರೆಲ್ಲ ಎಂದೋ ಅಳಿದುಹೋಗಿದ್ದಾರೆ.

ನೆಲದ ತುಂಬ ಬಿಲಗಳಿರುವ ಕಡೆ ನಾನು ಶೂ ಹಾಕಿಕೊಂಡು ಇಳಿದಿದ್ದರೆ? ಒಬ್ಬನ ಹಿಂದೆ ಇನ್ನೊಬ್ಬ, ದಿನಕ್ಕೆ ಇಷ್ಟು ಬೋಟು. ಶೂಗೆ ಅಂಟಿದ ಬೀಜ, ಬ್ಯಾಗಿನಲ್ಲಿ ಅಡಗಿ ಬಂದ ಒಂದು ಇಲಿ ಸಾಕು ಎಲ್ಲ ಹಾಳಾಗಲು. ನನ್ನ ಹೊಟ್ಟೆ ತೊಳಸಾಟ ಅದರ ಮುಂದೆ ಯಾವ ಲೆಕ್ಕ.

ಆದರೂ ಒಂದು ಜಗಳ ನನಗೆ ಬಾಕಿ ಇದೆ. ಮೀಸಲಿನ ಗಡಿ ದ್ವೀಪಗಳಿಂದ ಬರೀ 800 ಮೀಟರ್. ವಾಪಸ್ ಬರುವಾಗ ಆ ಗೆರೆ ದಾಟಿ ಸ್ವಲ್ಪ ಹೊತ್ತಿಗೆ ಒಂದು ಬೋಟು ಕಂಡಿತು, ಅದರ ಬದಿಯಲ್ಲಿ ನಾಲ್ಕು ಗಾಳದ ಕೋಲು. ಅವರು ಮಾಡುತ್ತಿದ್ದದ್ದು ಕಾನೂನಿಗೆ ವಿರುದ್ಧವಲ್ಲ. ಅವರು ಕೈ ಬೀಸಿದರು, ನಾವೂ ಬೀಸಿದೆವು. ನನಗೆ ಮಾತ್ರ ಮಾಸ್ಕಿನೊಳಗೆ ಇಣುಕಿದ ಆ ದಪ್ಪ ಸ್ನ್ಯಾಪರ್ ನೆನಪಾಯಿತು. ಮನುಷ್ಯರನ್ನು ಕಂಡು ಹೆದರಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಗೆರೆ ಎಲ್ಲಿದೆ ಅಂತಲೂ ಹೇಳಿಲ್ಲ.