ವೀಸಾಕ್ಕಾಗಿ ಕೊಟ್ಟ ರಕ್ತ

ಮಂಗಳೂರು ಕಡೆಯ ಹುಡುಗನೊಬ್ಬ ಸೌದಿಗೋ ಕುವೈತಿಗೋ ಕೆಲಸಕ್ಕೆ ಹೊರಟರೆ ಮೊದಲು 'ಮೆಡಿಕಲ್' ಆಗಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಕ್ಷಯ ಎಲ್ಲವನ್ನೂ ನೋಡುತ್ತಾರೆ. ಫಿಟ್ ಎಂದು ಬಂದರೆ ಮನೆಯಲ್ಲಿ ಸಂತೋಷ. ಅನ್‌ಫಿಟ್ ಎಂದು ಬಂದರೆ ಊರಿಡೀ ಗುಸುಗುಸು. ನನ್ನ ತಕರಾರು ಇಷ್ಟೇ: ಕರಾವಳಿಯ ಎಷ್ಟೋ ಮನೆಗಳಿಗೆ ಎಚ್‌ಐವಿ ಪರೀಕ್ಷೆಯ ಪರಿಚಯ ಆಗುವುದೇ ವೀಸಾದಿಂದ. ವೀಸಾ ಬೇಡದವನಿಗೆ ಪರೀಕ್ಷೆಯೂ ಬೇಡ!

ನಾನಿರುವ ಜರ್ಮನಿಯಲ್ಲಿ ಇದು ತಲೆಕೆಳಗು. ವೀಸಾಕ್ಕೆ ಎಚ್‌ಐವಿ ರಿಪೋರ್ಟ್ ಕೇಳುವುದಿಲ್ಲ. ಆದರೆ ಸರ್ಕಾರಿ ಆರೋಗ್ಯ ಕಚೇರಿಗೆ ಹೋದರೆ ಹೆಸರು ಹೇಳದೆಯೇ ಪರೀಕ್ಷೆ ಮಾಡಿಸಿಕೊಳ್ಳಬಹುದು. ಖರ್ಚು ಇಲ್ಲ, ಇದ್ದರೂ ಸ್ವಲ್ಪ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದ ಹಾಗೆ ಜನ ಇದರ ಬಗ್ಗೆ ಮಾತಾಡುತ್ತಾರೆ. ಕೇಳುವ ನನಗೇ ಮುಜುಗರ.

ಗಡಿಯಲ್ಲಿ ತಡೆದರೆ ರೋಗ ನಿಲ್ಲುತ್ತದೆ ಎನ್ನುವವರಿದ್ದಾರೆ. ದುಬೈ ನೋಡಲು ಹೋದ ಪ್ರವಾಸಿಯ ರಕ್ತ ಯಾರೂ ತೆಗೆಯುವುದಿಲ್ಲ. ಅಲ್ಲೇ ಇದ್ದು ದುಡಿಯುವವನದ್ದು ಮಾತ್ರ ಬೇಕು. ವೈರಸ್ ಏನು ವೀಸಾ ನೋಡಿ ಬರುತ್ತದಾ? ಎಚ್‌ಐವಿ ಸೋಂಕು ತಗುಲಿದ ಮರುವಾರ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಈಗಿನ ಒಳ್ಳೆಯ ಲ್ಯಾಬ್ ಪರೀಕ್ಷೆಗೂ 18ರಿಂದ 45 ದಿನ ಬೇಕು. ಇನ್ನು, ತಪ್ಪದೆ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಅದು ಹರಡುವುದಿಲ್ಲ. ಅಮೆರಿಕವೂ ಎಚ್‌ಐವಿ ಇರುವ ವಿದೇಶಿಯರಿಗೆ 1987ರಲ್ಲಿ ಬಾಗಿಲು ಹಾಕಿತ್ತು, 2010ರ ಜನವರಿಯಲ್ಲಿ ತೆರೆಯಿತು. ಗಲ್ಫಿನಲ್ಲಿ ಮಾತ್ರ ಪಾಸಿಟಿವ್ ಬಂದ ಕೆಲಸಗಾರನನ್ನು ಇಂದಿಗೂ ವಾಪಸ್ ಕಳುಹಿಸುತ್ತಾರೆ, ಅವನು ಎಷ್ಟೇ ವರ್ಷ ದುಡಿದಿರಲಿ. ಹಾಗಿರುವಾಗ ಸಂಶಯ ಬಂದವನು ಅಲ್ಲಿ ಡಾಕ್ಟರ ಹತ್ತಿರ ಹೋಗುತ್ತಾನಾ? ಅಡಗಿಸಿಟ್ಟುಕೊಳ್ಳುತ್ತಾನೆ, ರಜೆಯಲ್ಲಿ ಮನೆಗೂ ಬರುತ್ತಾನೆ.

ನಮ್ಮಲ್ಲಿ ವ್ಯವಸ್ಥೆ ಇಲ್ಲ ಎಂದಲ್ಲ ಮಾರಾಯ್ರೆ. ಮಂಗಳೂರಿನ ವೆನ್ಲಾಕಿನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಐಸಿಟಿಸಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ, ಉಂಟು. ಪರೀಕ್ಷೆ ಉಚಿತ, ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ವಿಷಯ ಹೊರಗೆ ಹೋಗುವಂತಿಲ್ಲ. ಸರ್ಕಾರ ಔಷಧಿಯನ್ನೂ 2004ರಿಂದ ಉಚಿತವಾಗಿ ಕೊಡುತ್ತಿದೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಕೆಲಸ ಕೊಡಲು ಪರೀಕ್ಷೆಯ ಷರತ್ತು ಹಾಕುವ ಹಾಗೂ ಇಲ್ಲ. ಕಾಗದದ ಮೇಲೆ ನಾವು ಜರ್ಮನಿಗಿಂತ ಕಡಿಮೆ ಏನಲ್ಲ. ಆದರೆ ಹಂಪನಕಟ್ಟೆಯಲ್ಲಿ ಬಸ್ ಇಳಿದು ಆ ಬಾಗಿಲವರೆಗೆ ನಡೆಯಬೇಕಲ್ಲ! ದಾರಿಯಲ್ಲಿ ಮಾವ ಸಿಕ್ಕಿ "ಎಂತ ಇಲ್ಲಿ?" ಎಂದರೆ?

ಅದಕ್ಕೂ ಉಪಾಯ ಉಂಟು. ಮಂಗಳೂರಿನವರು ಉಡುಪಿಗೆ ಹೋಗಿ, ಉಡುಪಿಯವರು ಮಂಗಳೂರಿಗೆ ಬನ್ನಿ. ಎಕ್ಸ್‌ಪ್ರೆಸ್ ಬಸ್ಸು ಎಷ್ಟು ಬೇಕಾದರೂ ಉಂಟು. ಗಲ್ಫಿಗೆ ಹೊರಡುವವರಂತೂ ಮೆಡಿಕಲ್ ಸೆಂಟರಿಗೆ ಕಾಲಿಡುವ ಮೊದಲೇ ಐಸಿಟಿಸಿಗೆ ಹೋಗಿ ಬರುವುದು ಒಳ್ಳೆಯದು. ಐಸಿಟಿಸಿಯ ಫಲಿತಾಂಶ ಗಲ್ಫಿನ ಕಂಪ್ಯೂಟರಿಗೆ ಹೋಗುವುದಿಲ್ಲ. ಬಸ್ ಹತ್ತುವ ಧೈರ್ಯವೂ ಇಲ್ಲದಿದ್ದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ, ಕರೆ ಉಚಿತ.