ಕೀ ಎರಡು, ಮನೆಗೆ ಹೋದವರು ಒಬ್ಬರು

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ನಮ್ಮ ಹಳೇ ಬ್ಯಾಂಕ್ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಡಿಸ್ಮಿಸಲ್ ಆರ್ಡರ್‌ನ ಫೋಟೋ ಹಾಕಿದ್ದಾರೆ. ಬ್ಯಾಂಕಿನ ಹೆಸರು ಬೇಡ, ವಜಾ ಆದ ಹೆಣ್ಣುಮಗಳ ಹೆಸರಂತೂ ಬೇಡವೇ ಬೇಡ. ಒಂದೇ ಹಾಳೆ. ಸೇಫ್‌ನಲ್ಲಿ ಕ್ಯಾಷ್ ಶಾರ್ಟ್ ಬಂದಿದೆ, ನಿಮ್ಮ ಮೇಲಿನ ವಿಶ್ವಾಸ ಹೋಗಿದೆ, ಇವತ್ತಿನಿಂದಲೇ ನಿಮ್ಮನ್ನು ವಜಾ ಮಾಡಲಾಗಿದೆ. ಮುಗೀತು. ಆರೋಪ ಏನು ಅಂತ ಬರೆದು ಕೊಡುವ ಚಾರ್ಜ್‌ಶೀಟ್ ಇಲ್ಲ, ಎನ್‌ಕ್ವೈರಿ ಇಲ್ಲ, ಏನಮ್ಮಾ ಆಯ್ತು ಅಂತ ಕೇಳಿದ ಲಕ್ಷಣವೂ ಇಲ್ಲ. ಅದರ ಕೆಳಗೆ ನಮ್ಮವರ ಚಪ್ಪಾಳೆ. "ಒಳ್ಳೇ ಕೆಲಸ ಆಯ್ತು" ಅಂತ ಒಬ್ಬರು. "ಕಳ್ಳರಿಗೆ ಎಂಥ ಎನ್‌ಕ್ವೈರಿ?" ಅಂತ ಇನ್ನೊಬ್ಬರು.

ಸ್ವಾಮಿ, ಕಳ್ಳರು ಅಂತ ಗೊತ್ತಾಗಿದ್ದು ಹೇಗೆ? ಕನಸು ಬಿತ್ತಾ?

ದುಡ್ಡು ಕಡಿಮೆ ಇದೆ ಅನ್ನೋದು ಒಂದು ಸಂಗತಿ. ಅದನ್ನು ಇವರೇ ತೆಗೆದುಕೊಂಡರು ಅನ್ನೋದು ಬೇರೆಯೇ ಸಂಗತಿ. ಮೊದಲನೆಯದಕ್ಕೆ ನೋಟು ಎಣಿಸಿದರೆ ಸಾಕು. ಎರಡನೆಯದಕ್ಕೆ ವಿಚಾರಣೆ ಮಾಡಬೇಕು. ಜೀವಮಾನವಿಡೀ ಕ್ಯಾಷ್ ಮುಟ್ಟಿದವರೇ ಇದನ್ನು ಮರೆತರೆ ಹೇಗೆ?

ಸೇಫ್ ಅಂದರೇನು ಅಂತ ನಮ್ಮವರಿಗೆ ನಾನು ಹೇಳಿಕೊಡಬೇಕಾ? ಜಾಯಿಂಟ್ ಕಸ್ಟಡಿ. ಎರಡು ಕೀ. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಆಫೀಸರ್ ಹತ್ತಿರ. ಇಬ್ಬರೂ ನಿಂತರೆ ಮಾತ್ರ ಬಾಗಿಲು ತೆರೆಯಬೇಕು. ಸಂಜೆ ಕ್ಲೋಸಿಂಗ್ ಕ್ಯಾಷ್‌ಗೆ ಇಬ್ಬರ ಸಹಿಯೂ ಬೀಳುತ್ತದೆ. ಹಾಗಿದ್ದ ಮೇಲೆ ಸೇಫ್‌ನಲ್ಲಿ ದುಡ್ಡು ಕಮ್ಮಿಯಾದರೆ ಪ್ರಶ್ನೆ ಇಬ್ಬರಿಗೂ ಹೋಗಬೇಕಲ್ವಾ? ಈ ಆರ್ಡರ್‌ನಲ್ಲಿ ಎರಡನೇ ಕೀ ಇಟ್ಟುಕೊಂಡವರ ಬಗ್ಗೆ ಅರ್ಧ ಸಾಲೂ ಇಲ್ಲ. ಅವರು ಬಹುಶಃ ಆ ದಿನ ದೇವಲೋಕದಲ್ಲಿದ್ದರು. ಅಥವಾ, ನಮ್ಮಲ್ಲಿ ಎಷ್ಟೋ ಕಡೆ ನಡೆಯುವ ಹಾಗೆ, "ಸ್ವಲ್ಪ ನೀನೇ ತೆಗೀಮ್ಮಾ" ಅಂತ ತಮ್ಮ ಕೀಯನ್ನೂ ಅವಳ ಕೈಗೇ ಕೊಟ್ಟು ಕೂತಿದ್ದರು. ಎರಡರಲ್ಲಿ ಯಾವುದು ನಿಜ ಅಂತ ತಿಳಿಯೋಕೇ ಎನ್‌ಕ್ವೈರಿ ಅಂತ ಒಂದು ಇಟ್ಟಿರೋದು.

ಕ್ಯಾಷ್ ಶಾರ್ಟ್ ಆಗೋಕೆ ಕಳ್ಳತನವೇ ಆಗಬೇಕಿಲ್ಲ. ಒಂದು ಪ್ಯಾಕೆಟ್ ಅಂದರೆ ನೂರು ನೋಟು; ರಶ್ ಇದ್ದಾಗ ನೂರರ ಪ್ಯಾಕೆಟ್ ಬದಲು ಐನೂರರ ಪ್ಯಾಕೆಟ್ ಕೌಂಟರ್ ದಾಟಿದರೆ ಒಂದೇ ಕ್ಷಣದಲ್ಲಿ 40,000 ರೂಪಾಯಿ ಹೋಯ್ತು. ಎಟಿಎಂ ಕ್ಯಾಸೆಟ್‌ಗೆ ತಪ್ಪು ನೋಟು ತುಂಬಿದರೆ ಇನ್ನೊಂದು ಕಥೆ. ಒಬ್ಬರ ಐಡಿಯಲ್ಲಿ ಮತ್ತೊಬ್ಬರು ಎಂಟ್ರಿ ಹಾಕಿದ್ದರೆ ಮೂರನೇ ಕಥೆ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಅಂತ ಸರ್ಕ್ಯುಲರ್ ಬರುತ್ತೆ, ಜನ ಇಲ್ಲದೆ ಕೆಲಸ ನಿಂತಾಗ ಅದೇ ಮ್ಯಾನೇಜರು ಪಾಸ್‌ವರ್ಡ್ ಕೂಗಿ ಕೇಳುತ್ತಾರೆ. ಇದೆಲ್ಲ ಗೊತ್ತಿಲ್ಲದ ಬ್ಯಾಂಕಿನವರು ಯಾರಿದ್ದಾರೆ ಹೇಳಿ.

"ಸಿಸ್ಟಮ್‌ನಲ್ಲೇ ತೋರಿಸ್ತಿದೆಯಲ್ಲ" ಅನ್ನುವವರು ಬ್ರಿಟನ್ ಪೋಸ್ಟ್ ಆಫೀಸಿನ ಕಥೆ ಓದಿ. 1999ರಿಂದ ಅಲ್ಲಿ ಹೊರೈಜನ್ ಅನ್ನೋ ಸಾಫ್ಟ್‌ವೇರ್ ಬಂತು, ಫುಜಿಟ್ಸು ಕಂಪನಿಯದ್ದು. ಲೆಕ್ಕದಲ್ಲಿ ದುಡ್ಡು ಕಮ್ಮಿ ತೋರಿಸಿತು. ಸಣ್ಣ ಅಂಚೆ ಕಚೇರಿ ನಡೆಸುತ್ತಿದ್ದವರನ್ನು ಕಳ್ಳರು ಅಂದರು. 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯ್ತು. ಕೆಲವರು ಜೈಲಿಗೆ ಹೋದರು, ಕೆಲವರು ಮನೆ ಮಾರಿ ಆ 'ಕೊರತೆ' ತುಂಬಿಕೊಟ್ಟರು. ಆ ಸಾಫ್ಟ್‌ವೇರ್‌ನಲ್ಲೇ ದೋಷ ಇತ್ತು ಅಂತ ಅಲ್ಲಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡುವ ಕಾನೂನು ಬಂದಿದ್ದು 2024ರಲ್ಲಿ. ಅಲ್ಲಿ ಕೋರ್ಟು, ವಕೀಲರು ಎಲ್ಲ ಇದ್ದೂ ಈ ಗತಿ. ಇಲ್ಲಿ ಒಂದು ಹಾಳೆ.

ಈಗ ನಿಮ್ಮ ವಾದಕ್ಕೆ ಬರೋಣ. "ಎನ್‌ಕ್ವೈರಿ ಅಂದರೆ ವರ್ಷಗಟ್ಟಲೆ ಎಳೀತಾರೆ, ಅಷ್ಟರಲ್ಲಿ ತಿಂದವನು ತಪ್ಪಿಸಿಕೊಳ್ತಾನೆ." ಎಳೆಯೋದು ನಿಜ. ಯಾರು ಎಳೀತಾರೆ? ದಾಖಲೆ ಕೊಡದವರು ಯಾರು, ಸಾಕ್ಷಿಯನ್ನು ಕಳಿಸದವರು ಯಾರು, ಎನ್‌ಕ್ವೈರಿ ಆಫೀಸರನ್ನು ನಡುವೆಯೇ ಟ್ರಾನ್ಸ್‌ಫರ್ ಮಾಡೋರು ಯಾರು? ಸಸ್ಪೆಂಡ್ ಮಾಡಬೇಡಿ ಅಂತ ಯಾರೂ ಹೇಳಿಲ್ಲ. ಮಾಡಿ, ಕ್ಯಾಷ್‌ನಿಂದ ದೂರ ಇಡಿ, ಸಸ್ಪೆನ್ಷನ್ ಕಾಲದಲ್ಲಿ ಹೊಟ್ಟೆಪಾಡಿಗೆ ಕೊಡುವ ಜೀವನಾಂಶ ಭತ್ಯೆ ಕೊಡಿ, ಬೇಗ ಮುಗಿಸಿ. ಸಸ್ಪೆಂಡ್ ಮಾಡಿದ ಮೇಲೆ ಸಾಮಾನ್ಯವಾಗಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು ಅಂತ 2020ರ ಇಂಡಸ್ಟ್ರಿಯಲ್ ರಿಲೇಷನ್ಸ್ ಕೋಡ್‌ನಲ್ಲೇ ಇದೆ.

ಇನ್ನು, ಕಳ್ಳರ ಮೇಲೆ ನನಗೆ ಕರುಣೆ ಅಂದುಕೊಳ್ಳುವವರಿಗೆ ಒಂದು ಮಾತು. ಎನ್‌ಕ್ವೈರಿಗಳಲ್ಲಿ ಯೂನಿಯನ್ ಕಡೆಯಿಂದ ನೌಕರರ ಡಿಫೆನ್ಸ್‌ಗೆ ಕೂತವನು ನಾನು, ನಿಮಗೆ ಗೊತ್ತಲ್ಲ. ನಾನು ವಾದ ಮಾಡಿದವರಲ್ಲಿ ನಿಜಕ್ಕೂ ದುಡ್ಡು ತಿಂದವರಿದ್ದರು. ಅದು ನನಗೂ ಗೊತ್ತಿತ್ತು. ಅವರ ಮುಂದೆ ಒಂದೊಂದೇ ವೌಚರ್ ಇಟ್ಟು "ಈ ಸಹಿ ನಿಮ್ಮದೇನಾ?" ಅಂತ ಕೇಳುವಾಗ ಅವರ ಮುಖ ನೋಡಬೇಕಿತ್ತು. ಡಿಸ್ಮಿಸ್ ಆದಾಗ ನನಗೇನೂ ಬೇಜಾರಾಗಲಿಲ್ಲ, ಒಳಗೊಳಗೇ ಸಮಾಧಾನವೇ ಆಯ್ತು. ಕೋರ್ಟುಗಳೂ ಇಂಥವರಿಗೆ ಕರುಣೆ ತೋರಿಸಲ್ಲ. ಬಸ್ ಕಂಡಕ್ಟರ್‌ಗಳ ಕೇಸುಗಳಲ್ಲಿ, ಮೊತ್ತ ಎಷ್ಟೇ ಸಣ್ಣದಿರಲಿ ಡಿಸ್ಮಿಸ್ ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮೊದಲು ಸಾಬೀತಾಗಬೇಕು.

ಸಾಬೀತು ಅಂದರೆ ಏನು ಅಂತಲೂ ಅದೇ ಕೋರ್ಟ್ 2008ರ ಡಿಸೆಂಬರ್‌ನಲ್ಲಿ ಹೇಳಿದೆ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಒಬ್ಬ ಪ್ಯೂನ್ ಕೇಸ್. ಡಿಮ್ಯಾಂಡ್ ಡ್ರಾಫ್ಟ್ ಪುಸ್ತಕ ಕಳೆದಿತ್ತು. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದಾನೆ ಅಂತ ಬ್ಯಾಂಕ್ ಆ ಕಾಗದ ಹಿಡಿದು ಕೆಲಸದಿಂದ ತೆಗೀತು. ಕಾಗದ ತಂದಿಟ್ಟರೆ ಸಾಲದು, ಸಾಕ್ಷಿ ಕರೆಸಿ ಅದರಲ್ಲಿರೋದನ್ನು ಸಾಬೀತು ಮಾಡಬೇಕು ಅಂತ ಕೋರ್ಟ್ ಆದೇಶವನ್ನೇ ರದ್ದು ಮಾಡಿತು. ಅಲ್ಲಿ ಹೆಸರಿಗಾದರೂ ಒಂದು ಎನ್‌ಕ್ವೈರಿ ನಡೆದಿತ್ತು!

ಬ್ಯಾಂಕ್ ನೌಕರರ ಶಿಸ್ತುಕ್ರಮಕ್ಕೆ 2002ರ ಏಪ್ರಿಲ್ 10ರ ಒಪ್ಪಂದ ಇದೆ. ಬ್ಯಾಂಕ್ ಆಡಳಿತಗಳ ಸಂಘವಾದ ಐಬಿಎ ಮತ್ತು ಯೂನಿಯನ್‌ಗಳು ಕೂತು ಸಹಿ ಹಾಕಿದ್ದು. ಚಾರ್ಜ್‌ಶೀಟ್, ವಿಚಾರಣೆ, ಯೂನಿಯನ್ ಪ್ರತಿನಿಧಿ, ಶಿಕ್ಷೆಗೆ ಮುಂಚೆ ಇನ್ನೊಮ್ಮೆ ಮಾತಾಡೋ ಅವಕಾಶ. ಈಗ ಚಪ್ಪಾಳೆ ತಟ್ಟಿದವರಲ್ಲಿ ಇಬ್ಬರಂತೂ ಅದೇ ಯೂನಿಯನ್ ಮೀಟಿಂಗಿನಲ್ಲಿ ಮುಂದಿನ ಸಾಲಲ್ಲಿ ಕೂರುತ್ತಿದ್ದರು. ಪೆನ್ಷನ್ ಬರೋಕೆ ಶುರುವಾದ ಮೇಲೆ ಎಲ್ಲರೂ ಮ್ಯಾನೇಜ್‌ಮೆಂಟೇ, ಅಲ್ವಾ?

ನನ್ನನ್ನು ಕಾಡುತ್ತಿರೋದು ಇನ್ನೊಂದಿದೆ. ಅವಳು ತೆಗೆದಿಲ್ಲ ಅಂದರೆ, ತೆಗೆದವರು ಇನ್ನೂ ಅದೇ ಬ್ರಾಂಚಿನಲ್ಲಿ ಇರಬಹುದು. ಫೈಲ್ ಕ್ಲೋಸ್ ಆಗಿದೆ, ಯಾರೂ ಹುಡುಕಲ್ಲ. ಬ್ಯಾಂಕಿನ ದೃಷ್ಟಿಯಿಂದ ನೋಡಿದರೂ ಇದು ದಂಡದ ಕೆಲಸ.

ಆ ಹೆಣ್ಣುಮಗಳ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ: ಅಪೀಲಿನ ಗಡುವು ಮೊದಲು ನೋಡಿ. ಆ ದಿನದ ಕ್ಯಾಷ್ ಬುಕ್, ಕೀ ರಿಜಿಸ್ಟರ್, ಲಾಗಿನ್ ವಿವರ, ಸಿಸಿಟಿವಿ ಫೂಟೇಜ್ ಬೇಕು ಅಂತ ಬರವಣಿಗೆಯಲ್ಲಿ ಕೇಳಿ, ಅಕ್ನಾಲೆಡ್ಜ್‌ಮೆಂಟ್ ಇಟ್ಟುಕೊಳ್ಳಿ. ಫೂಟೇಜ್ ಇವತ್ತೇ ಕೇಳಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಅಪೀಲಿನ ಕರಡು ಬರೆದುಕೊಡಲು ನಾನಿದ್ದೇನೆ, ಇನ್‌ಬಾಕ್ಸ್‌ಗೆ ಬನ್ನಿ.